512ಕ್ಕೆ ಒಂದು

ಬೇಸಿಗೆಯಲ್ಲಿ ವಿಜಯಪುರದ ಮನೆಗಳ ಗೋಡೆ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಊಟ ಮುಗಿಸಿ ಮಾಳಿಗೆಗೆ ಹೋಗಿ, ಚಾಪೆ ಹಾಸಿಕೊಂಡು, ಮೊಬೈಲ್‌ನಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆನ್‌ಲೈನ್ ಆಟ ಆಡುವುದು ನನ್ನ ರೂಢಿ. ಹೋದ ಏಪ್ರಿಲ್‌ನಲ್ಲಿ ಹಾಗೆ ಕೂತಿದ್ದಾಗ ಅದರೊಳಗಿನ ಅಬಿಸಲ್ ಡೀಮನ್ ಅನ್ನುವ ರಾಕ್ಷಸರಲ್ಲಿ 1,200ನೆಯದು ನನ್ನ ಕೈಯಲ್ಲಿ ಸತ್ತಿತು. ಬಿದ್ದದ್ದು ಬೂದಿ, ಒಂದಷ್ಟು ನಾಣ್ಯ. ನನಗೆ ಬೇಕಿದ್ದದ್ದು ಅಬಿಸಲ್ ವಿಪ್ ಅನ್ನುವ ಆಯುಧ. ಈ ಆಟ ಆಡುವ ನಮ್ಮ ಏಳು ಜನರ ಗುಂಪಿನಲ್ಲಿ ಅದಕ್ಕೆ ಬಾರಕೋಲು ಅಂತಲೇ ಹೆಸರು. ಈ ಡೀಮನ್ ಕೊಲ್ಲಲು ಸ್ಲೇಯರ್ ಅನ್ನುವ ಕೌಶಲದಲ್ಲಿ ಲೆವೆಲ್ 85 ಬೇಕು. ಒಂದು ಸಲ ಕೊಂದರೆ ಬಾರಕೋಲು ಬೀಳುವ ಸಾಧ್ಯತೆ 512ಕ್ಕೆ ಒಂದು. ನಾನು ಆಗಲೇ 512ರ ಎರಡು ಪಟ್ಟು ದಾಟಿದ್ದೆ.

ಮಾರ್ಕೆಟ್‌ನಲ್ಲಿ ಕೊಂಡುಬಿಡಬಹುದಿತ್ತಲ್ವಾ ಅಂತ ಆಟ ಗೊತ್ತಿದ್ದವರು ಕೇಳಬಹುದು. ನನ್ನದು ಐರನ್‌ಮ್ಯಾನ್ ಖಾತೆ. ಅದರಲ್ಲಿ ಬೇರೆ ಆಟಗಾರರಿಂದ ಏನನ್ನೂ ಕೊಳ್ಳುವ ಹಾಗಿಲ್ಲ. ಬೇಕಾದದ್ದನ್ನೆಲ್ಲ ಸ್ವಂತ ದುಡಿದೇ ಪಡೆಯಬೇಕು. ನನಗೆ ಆಟದ ರುಚಿ ಹತ್ತಿದ್ದೇ ಅದರಿಂದ.

ಹಗಲು ನಾನು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಿಎಸ್ಸಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ್ದೆ. ಪರೀಕ್ಷೆ ಮುಗಿದ ಮೇಲೆ ಸಂಭವನೀಯತೆಯ ಪಾಠಕ್ಕೆ ನನ್ನ ಬದುಕಿನಲ್ಲಿ ಕೆಲಸವೇ ಬಿದ್ದಿರಲಿಲ್ಲ. ಆ ರಾತ್ರಿ ಕೆಳಗಿಳಿದು ಬಂದು, ಹಳೇ ಲೆಡ್ಜರಿನ ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡೆ.

ಇಂಥ ಲೆಕ್ಕವನ್ನು ಹಿಂದಿನಿಂದ ಹಿಡಿಯಬೇಕು. ಬೀಳುವ ಸಾಧ್ಯತೆ ಬಿಟ್ಟು, ಬೀಳದೇ ಇರುವ ಸಾಧ್ಯತೆ ನೋಡಬೇಕು. ಒಂದು ಸಲಕ್ಕೆ ಬೀಳದಿರುವುದು 511/512. ಎರಡು ಸಲವೂ ಬೀಳದಿರುವುದು ಅದನ್ನು ಅದರಿಂದಲೇ ಗುಣಿಸಿದಷ್ಟು. 512 ಸಲವೂ ಬೀಳದಿರಬೇಕಾದರೆ 511/512 ಅನ್ನು 512 ಸಲ ಗುಣಿಸಬೇಕು. ಉತ್ತರ ಸುಮಾರು 0.368. ಅಂದರೆ 512 ಡೀಮನ್ ಕೊಂದವರಲ್ಲಿ 100ಕ್ಕೆ 37 ಮಂದಿಯ ಕೈ ಖಾಲಿ ಇರುತ್ತದೆ. 512 ಕೊಂದರೆ ಒಂದು ಸಿಕ್ಕೇ ಸಿಗುತ್ತದೆ ಅಂತ ನಾವು ಏಳೂ ಜನ ನಂಬಿದ್ದೆವು. ಅದು ಸರಾಸರಿ, ಅಷ್ಟೇ. ಸರಾಸರಿಯನ್ನು ನಾವು ಗಡುವು ಅಂತ ತಿಳಿದಿದ್ದೆವು.

ಈ 0.368 ನೋಡಿದಾಗ ನನಗೆ ಬೇರೊಂದು ನೆನಪಾಯಿತು. 1ನ್ನು 2.718ರಿಂದ ಭಾಗಿಸಿದರೆ ಬರುವುದು ಇದೇ. ಆ 2.718 ಅನ್ನುವ ಸಂಖ್ಯೆ 1683ರಲ್ಲಿ ಸ್ವಿಸ್ ಗಣಿತಜ್ಞ ಯಾಕೋಬ್ ಬರ್ನೌಲಿಗೆ ಸಿಕ್ಕಿದ್ದು ಚಕ್ರಬಡ್ಡಿಯ ಲೆಕ್ಕದಲ್ಲಿ. ಬಡ್ಡಿಯನ್ನು ವರ್ಷಕ್ಕೊಮ್ಮೆ ಸೇರಿಸುವ ಬದಲು ತಿಂಗಳಿಗೊಮ್ಮೆ, ದಿನಕ್ಕೊಮ್ಮೆ, ಕ್ಷಣಕ್ಕೊಮ್ಮೆ ಸೇರಿಸುತ್ತ ಹೋದರೆ ಎಲ್ಲಿಗೆ ಮುಟ್ಟುತ್ತದೆ ಅಂತ ಅವರು ನೋಡಿದ್ದರು. ದಿನವೂ ಬಡ್ಡಿ ಲೆಕ್ಕ ಹಾಕುವ ನನ್ನಂಥವನಿಗೆ ಅದೇ ಸಂಖ್ಯೆ ರಾತ್ರಿ ಡೀಮನ್‌ಗಳ ನಡುವೆ ಸಿಕ್ಕಾಗ ತುಂಬ ಖುಷಿಯಾಯಿತು. 100ಕ್ಕೆ ಒಂದು ಇದ್ದು 100 ಸಲ ಯತ್ನಿಸಿ, 3,000ಕ್ಕೆ ಒಂದು ಇದ್ದು 3,000 ಸಲ ಯತ್ನಿಸಿ, ಕೈ ಖಾಲಿ ಉಳಿಯುವ ಪಾಲು ಹೆಚ್ಚೂಕಡಿಮೆ ಅಷ್ಟೇ.

ಮುಂದಿನ ಕೆಲಸ ಗೂಗಲ್ ಶೀಟ್‌ನಲ್ಲಿ ಮಾಡಿದೆ. ಒಂದು ಕಾಲಂನಲ್ಲಿ ಕೊಂದ ಸಂಖ್ಯೆ, ಪಕ್ಕದ ಕಾಲಂನಲ್ಲಿ ಆ ಹೊತ್ತಿಗೆ ಸಿಕ್ಕಿರುವ ಸಾಧ್ಯತೆ. ಸೂತ್ರ ಒಂದೇ ಸಾಲು: 1ರಿಂದ, 511/512ನ್ನು ಕೊಂದ ಸಂಖ್ಯೆಯಷ್ಟು ಸಲ ಗುಣಿಸಿ ಬಂದದ್ದನ್ನು ಕಳೆಯುವುದು. 355ಕ್ಕೆ ಅರ್ಧ ಜನಕ್ಕೆ ಸಿಕ್ಕಿರುತ್ತದೆ. 100ರಲ್ಲಿ 90 ಜನಕ್ಕೆ ಸಿಗಲು 1,178 ಬೇಕು. 99 ಜನಕ್ಕೆ ಸಿಗಲು 2,356. ನಾನು ಗಂಟೆಗೆ ಸುಮಾರು 120 ಕೊಲ್ಲುತ್ತಿದ್ದೆ. ಅಂದರೆ ಅರ್ಧ ಜನಕ್ಕೆ ಮೂರು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ, 90 ಜನಕ್ಕೆ ಸಿಗುವಷ್ಟು ಹೊತ್ತು ತೆಗೆದಿಡಬೇಕೆಂದರೆ ಹತ್ತು ಗಂಟೆ. ಅವತ್ತಿನಿಂದ ನಾನು ಯಾವ ಲೂಟ್‌ಗೆ, ಅಂದರೆ ಕೊಂದಾಗ ಬೀಳುವ ಸಾಮಾನಿಗೆ, ಕೈ ಹಾಕಿದರೂ ಮೊದಲು ನೋಡುವುದು ಈ 90ರ ಸಂಖ್ಯೆ. 512ಕ್ಕೆ ಒಂದು ಅನ್ನುವಂಥ ಡ್ರಾಪ್ ರೇಟ್ ನೋಡಿ ಆಸೆ ಪಡುವುದು ಬಿಟ್ಟಿದ್ದೇನೆ. 90ರ ಸಂಖ್ಯೆಗೆ ಬೇಕಾಗುವಷ್ಟು ರಾತ್ರಿಗಳು ನನ್ನ ಹತ್ತಿರ ಇದ್ದರೆ ಮಾತ್ರ ಶುರು ಮಾಡುತ್ತೇನೆ.

ತುಂಬ ಹೊತ್ತು ಏನೂ ಬೀಳದಿದ್ದರೆ ಆಟಗಾರರು ಡ್ರೈ ಹೋಗುವುದು ಅನ್ನುತ್ತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದು ಬರ. ‘ಅವನಿಗೆ ಸಾವಿರದ ಬರ ಬಿದ್ದದ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಬೇರೆ ಶಬ್ದ ಹೊಳೆಯುವುದೂ ಕಷ್ಟ. ನಮ್ಮಪ್ಪ ಬಿಳಿಜೋಳ ಬಿತ್ತುವವರು. ಎರಡು ವರ್ಷ ಮಳೆ ಕೈಕೊಟ್ಟರೆ ‘ಮೂರನೇ ವರ್ಷ ಆಗಲೇಬೇಕು’ ಅನ್ನುತ್ತಾರೆ. ಮಳೆಯ ವಿಷಯದಲ್ಲಿ ನಾನು ಅವರ ಜೊತೆ ವಾದ ಮಾಡುವುದಿಲ್ಲ. ಆದರೆ ಆಟದ ಸರ್ವರ್‌ಗೆ ನನ್ನ ಹಿಂದಿನ 1,200 ಗೊತ್ತಿಲ್ಲ. 1,201ನೇ ಡೀಮನ್‌ಗೂ ಸಾಧ್ಯತೆ 512ಕ್ಕೆ ಒಂದೇ. ಮುಂದಿನ 512ರಲ್ಲಿ ಸಿಗುವ ಸಾಧ್ಯತೆ, ಮೊದಲ ದಿನ ಎಷ್ಟಿತ್ತೋ ಈಗಲೂ ಅಷ್ಟೇ: 100ಕ್ಕೆ 63. ಪಾಠದಲ್ಲಿ ಇದನ್ನು ಓದಿದ್ದೆ, ಉತ್ತರ ಬರೆದು ಅಂಕ ತಗೊಂಡಿದ್ದೆ. ಆದರೂ 1,200 ದಾಟಿದ ಮೇಲೆ ಬೆರಳು ‘ಇನ್ನೇನು ಬಂತು’ ಅನ್ನುತ್ತಲೇ ಒತ್ತುತ್ತದೆ. ಅದನ್ನು ತಡೆಯಲು ಹಾಳೆ ಮೇಲೆ ಬರೆದ ಸಂಖ್ಯೆ ಕಣ್ಣೆದುರು ಬೇಕು.

1,200 ಕೊಂದೂ ಸಿಗದಿರುವ ಸಾಧ್ಯತೆ 100ಕ್ಕೆ 9.6. ನನಗೆ ಮೋಸ ಆಗುತ್ತಿದೆ ಅನ್ನಿಸಲು ಅಷ್ಟು ಸಾಕಿತ್ತು. ಆದರೆ ನಾವು ಏಳು ಜನ. ಏಳರಲ್ಲಿ ಒಬ್ಬನಿಗಾದರೂ ಇಂಥ ಬರ ಬೀಳುವ ಸಾಧ್ಯತೆ ಎಷ್ಟು? ಒಬ್ಬೊಬ್ಬರೂ ತಪ್ಪಿಸಿಕೊಳ್ಳುವುದು 0.904. ಅದನ್ನು ಏಳು ಸಲ ಗುಣಿಸಿದರೆ ಸುಮಾರು 0.49. ಅಂದರೆ ಅರ್ಧಕ್ಕಿಂತ ತುಸು ಜಾಸ್ತಿ ಸಾಧ್ಯತೆಯಲ್ಲಿ ಗುಂಪಿನ ಯಾರಾದರೂ ಒಬ್ಬರು ನನ್ನ ಜಾಗದಲ್ಲಿ ಇರುತ್ತಾರೆ. ಈ ಸಲ ನಾನಿದ್ದೆ. ಮನಸ್ಸು ತಣ್ಣಗಾದದ್ದು ಈ ಲೆಕ್ಕದಿಂದಲೇ. ಬಾರಕೋಲು ನನಗೆ ಸಿಕ್ಕಿದ್ದು 1,431ನೇ ಸಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು. 512ಕ್ಕೆ ಒಂದು ಅನ್ನುವುದು ನಿಜವೇ ಅಂತ ನಾವೇ ನೋಡಬಹುದಾ?

ನಮ್ಮ ಕೋಲ್ಡ್ ಸ್ಟೋರೇಜಿಗೆ ಬರುವ ವ್ಯಾಪಾರಿಗಳು ಇಡೀ ಲಾಟ್ ಬಿಚ್ಚಿ ನೋಡುವುದಿಲ್ಲ. ಅಲ್ಲೊಂದು ಇಲ್ಲೊಂದು ಬಾಕ್ಸ್ ತೆಗೆಸಿ, ಮುಷ್ಟಿಯಲ್ಲಿ ಹಿಡಿದು, ಬಣ್ಣ ನೋಡಿ, ಎರಡು ಬಾಯಿಗೆ ಹಾಕಿಕೊಂಡು ದರ ಹೇಳುತ್ತಾರೆ. ಮೇಲಿನ ಒಂದೇ ಬಾಕ್ಸ್ ನೋಡಿ ಹೇಳಿದವರು ಪೆಟ್ಟು ತಿನ್ನುವುದನ್ನೂ ಕಂಡಿದ್ದೇನೆ. ಒಬ್ಬನ 1,200 ಅಂದರೆ ಆ ಒಂದೇ ಬಾಕ್ಸ್. ಹಾಗಾಗಿ ಏಳೂ ಜನರ ಲೆಕ್ಕ ಕೂಡಿಸಿದೆವು. ಇಂಡಿಯಲ್ಲಿರುವ ಗೆಳೆಯ ತನ್ನದನ್ನು ಶಾಲೆಯ ನೋಟ್‌ಬುಕ್‌ನಲ್ಲಿ ಗೀಟು ಹಾಕುತ್ತ ಇಟ್ಟಿದ್ದ, ಐದಕ್ಕೊಂದು ಅಡ್ಡಗೀಟು. ಅವನ ಫೋಟೋಗಳನ್ನು ನೋಡಿ ನಾನೇ ಎಣಿಸಿದೆ. ಎಲ್ಲ ಸೇರಿ 6,200 ಡೀಮನ್, 10 ಬಾರಕೋಲು.

ಸರಾಸರಿ ಪ್ರಕಾರ 12 ಬರಬೇಕಿತ್ತು. ಎರಡು ಕಡಿಮೆ. ಗುಂಪಿನಲ್ಲಿ ತಕ್ಷಣ ಗಲಾಟೆ ಶುರುವಾಯಿತು. ಇಲ್ಲಿ ಒಂದು ಸರಳ ಅಳತೆ ಇದೆ. ಅಪರೂಪದ ಘಟನೆಗಳನ್ನು ಎಣಿಸುವಾಗ, ನಿರೀಕ್ಷೆಯ ವರ್ಗಮೂಲದಷ್ಟು ಹೆಚ್ಚುಕಮ್ಮಿ ಆಗುವುದು ಮಾಮೂಲು. 12ರ ವರ್ಗಮೂಲ ಸುಮಾರು 3.5. ಅದರ ಎರಡು ಪಟ್ಟು ಆಚೆಈಚೆ, ಅಂದರೆ 5ರಿಂದ 19ರವರೆಗೆ ಏನು ಬಂದರೂ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. 10 ಅದರ ನಡುವೆಯೇ ಇದೆ. ಯತ್ನ ಹೆಚ್ಚಾದಂತೆ ಅನುಪಾತ ನಿಜವಾದ ಸಂಖ್ಯೆಯ ಹತ್ತಿರಕ್ಕೆ ಬರುತ್ತದೆ ಅನ್ನುವುದನ್ನು ಸಾಧಿಸಿ ತೋರಿಸಿದ್ದೂ ಅದೇ ಬರ್ನೌಲಿ. ಅವರು ತೀರಿದ ಎಂಟು ವರ್ಷಗಳ ನಂತರ, 1713ರಲ್ಲಿ ಅದು ಅಚ್ಚಾಯಿತು. ಹತ್ತಿರಕ್ಕೆ ಬರುವ ವೇಗ ಮಾತ್ರ ತೀರಾ ನಿಧಾನ. ನಮ್ಮ 6,200 ಏನೂ ಸಾಲದು.

ಎಲ್ಲ ಆಟಕ್ಕೂ ಈ ಸೂತ್ರ ಹಾಕಲು ಬರುವುದಿಲ್ಲ. ಹಿಂದಿನದು ನೆನಪಿಲ್ಲದ ಆಟಕ್ಕೆ ಮಾತ್ರ ಇದು ಸರಿ. ಡೋಟಾ 2ರಲ್ಲಿ ಕೆಲವು ಹೊಡೆತಗಳಿಗೆ ಶೇ 25 ಸಾಧ್ಯತೆ ಅಂತ ಬರೆದಿದ್ದರೆ, ಅದು ಶುರುವಾಗುವುದು ಸುಮಾರು ಶೇ 8.5ರಿಂದ. ತಪ್ಪಿದಂತೆಲ್ಲ ಅಷ್ಟಷ್ಟೇ ಏರುತ್ತದೆ. ಅಲ್ಲಿ ಸರ್ವರ್‌ಗೆ ನಿಜಕ್ಕೂ ನೆನಪಿದೆ.

ಗೆನ್‌ಶಿನ್ ಇಂಪ್ಯಾಕ್ಟ್ ಆಡುವ ಗೆಳೆಯನೊಬ್ಬ, ಆ ಆಟದಲ್ಲಿ ಬರೆದ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ಬೆಂಗಳೂರಿನಿಂದ ಕೇಳಿದ ಪ್ರಶ್ನೆಯಿಂದ ನನಗೆ ಇದು ಇನ್ನೂ ಚೆನ್ನಾಗಿ ತಿಳಿಯಿತು. ಅದರಲ್ಲಿ ಒಂದು ಯತ್ನಕ್ಕೆ ಐದು ಸ್ಟಾರ್ ಪಾತ್ರ, ಅಂದರೆ ಅತಿ ಅಪರೂಪದ ಪಾತ್ರ, ಸಿಗುವ ಮೂಲ ಸಾಧ್ಯತೆ ಶೇ 0.6. 90ನೇ ಯತ್ನಕ್ಕೆ ಖಾತ್ರಿ. ಎಲ್ಲ ಸೇರಿಸಿದ ಸರಾಸರಿ ಶೇ 1.6 ಅಂತ ಆಟದೊಳಗೇ ಬರೆದಿದ್ದಾರೆ. ನಾನು ಕೂಡಿಸಿ ನೋಡಿದೆ. 89 ಸಲವೂ ಶೇ 0.6 ಇದ್ದು 90ನೇ ಸಲ ಖಾತ್ರಿ ಆದರೆ, ಒಂದು ಪಾತ್ರಕ್ಕೆ ಸರಾಸರಿ 69.7 ಯತ್ನ ಬೇಕು. ಅದು ಶೇ 1.43 ಆಗುತ್ತದೆ. ಅವರು ಹೇಳುವ ಶೇ 1.6 ಅಂದರೆ 62.5 ಯತ್ನ. ಎರಡೂ ನಿಜ ಆಗಬೇಕಾದರೆ 90ಕ್ಕಿಂತ ಮುಂಚೆಯೇ ಎಲ್ಲೋ ಸಾಧ್ಯತೆ ಏರಲೇಬೇಕು. ಆಟಗಾರರು ಕೂಡಿಟ್ಟ ಲೆಕ್ಕದಲ್ಲೂ ಸುಮಾರು 74ರಿಂದ ಅದು ಜೋರಾಗಿ ಏರುತ್ತದೆ. ಬರೆಯದೇ ಬಿಟ್ಟದ್ದನ್ನು ಬರೆದ ಎರಡು ಸಂಖ್ಯೆಗಳಿಂದ ಹೊರತೆಗೆದ ಆ ಸಂಜೆ ನಾನು ಯಾವತ್ತೂ ಮರೆಯುವುದಿಲ್ಲ.

ಈ ಲೆಕ್ಕ ಮನೆಯೊಳಗೆ ಕೆಲಸಕ್ಕೆ ಬಂದದ್ದು ಅಣ್ಣನ ಮಗನ ವಿಷಯದಲ್ಲಿ. ಅವನು ಆಡುವ ಬೇರೊಂದು ಆಟದಲ್ಲಿ ದುಡ್ಡು ಕೊಟ್ಟು ಕ್ರೇಟ್, ಅಂದರೆ ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ, ತೆಗೆಯಬೇಕು. ಒಂದಕ್ಕೆ 50 ರೂಪಾಯಿ. ಅವನಿಗೆ ಬೇಕಿದ್ದ ಡ್ರೆಸ್ ಸಿಗುವ ಸಾಧ್ಯತೆ ಶೇ 1 ಅಂತ ಸಣ್ಣಕ್ಷರದಲ್ಲಿತ್ತು. ಖಾತ್ರಿಯ ಮಾತಿಲ್ಲ. ಅವ್ವನ ಫೋನಿನಿಂದ ಆಗಲೇ 40 ತೆಗೆದಿದ್ದ.

‘ಕಾಕಾ, ನಲವತ್ತ ಆಗ್ಯಾವ್ರಿ. ಈಗ ಬಂದ ಬರ್ತದ ನೋಡ್ರಿ,’ ಅಂದ.

ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅದೇ ಶೀಟ್ ತೆಗೆದು, 512ರ ಜಾಗದಲ್ಲಿ 100 ಹಾಕು ಅಂದೆ. ಅವನೇ ಹಾಕಿದ. 100ರಲ್ಲಿ 90 ಜನಕ್ಕೆ ಸಿಗಬೇಕಾದರೆ 230 ಕ್ರೇಟ್ ಅಂತ ಬಂತು. 50ರಿಂದ ಗುಣಿಸು ಅಂದೆ. 11,500. ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ‘ಅಷ್ಟಕ್ಕೂ ಹತ್ತು ಮಂದಿಗೆ ಸಿಗಂಗಿಲ್ಲೇನ್ರಿ?’ ಅಂತ ಕೇಳಿದ. ಇಲ್ಲ ಅಂದೆ. ‘ಅಷ್ಟರಾಗ ಒಂದ ಫೋನ್ ಬರ್ತದಲ್ರಿ ಕಾಕಾ.’ ಹತ್ತನೇ ತರಗತಿಯ ಹುಡುಗ ಸಂಭವನೀಯತೆಯ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದು ನನಗೆ ಹೆಮ್ಮೆ ಅನ್ನಿಸಿತು. ಹೋದ 2,000 ರೂಪಾಯಿ ಹೋಯಿತು. ಅತ್ತಿಗೆಗೆ ಅವನೇ ಹೇಳಿದ.

ಈಗ ನಾನು ರೂನ್‌ಸ್ಕೇಪ್‌ನಲ್ಲೇ ಬ್ಯಾರೋಸ್ ಅನ್ನುವ ಜಾಗದ ಹಿಂದೆ ಬಿದ್ದಿದ್ದೇನೆ. ಆರು ಅಣ್ಣತಮ್ಮಂದಿರ ಗೋರಿಗಳು, ಒಬ್ಬೊಬ್ಬರದು ನಾಲ್ಕು ಸಾಮಾನು, ಒಟ್ಟು 24. ಆರೂ ಜನರನ್ನು ಕೊಂದು ಪೆಟ್ಟಿಗೆ ತೆಗೆದರೆ 24ಕ್ಕೂ ಸಾಧ್ಯತೆ ಸಮ. ಆದರೆ ಇದ್ದದ್ದೇ ಮತ್ತೆ ಬರಬಹುದು. ಚಿಕ್ಕವರಿದ್ದಾಗ ಚೂಯಿಂಗ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿತ್ತಲ್ಲ, ಅದೇ ಲೆಕ್ಕ. ಮೊದಮೊದಲು ಎಲ್ಲವೂ ಹೊಸದು, ಕೊನೆಗೆ ಒಂದೇ ಕಾರ್ಡಿಗೆ ಇಡೀ ಓಣಿ ಹುಡುಕಬೇಕು. 24 ಪೂರ್ತಿಯಾಗಲು ಸರಾಸರಿ 90.6 ಸಾಮಾನು ಬೀಳಬೇಕು. ಮೊದಲ 12ಕ್ಕೆ ಸುಮಾರು 16 ಸಾಕು. ಉಳಿದ 12ಕ್ಕೆ 74ಕ್ಕಿಂತ ಜಾಸ್ತಿ. ಕೊನೆಯ ಒಂದಕ್ಕೇ 24.

ನನಗೆ 41 ಬಿದ್ದು 19 ಬೇರೆ ಬೇರೆ ಸಾಮಾನು ಸೇರಿವೆ. ಅಷ್ಟಕ್ಕೆ ಸರಾಸರಿ 36 ಬೇಕಿತ್ತು, ನಾನು ಐದು ಹಿಂದಿದ್ದೇನೆ. ಉಳಿದ ಐದಕ್ಕೆ ಸರಾಸರಿ ಇನ್ನೂ 55. ಸಂಖ್ಯೆ ಲೆಡ್ಜರಿನ ಆ ಹಾಳೆಯಲ್ಲೇ ಇದೆ, ಕೆಳಗೆ ಜಾಗವೂ ಇದೆ. ಮಾಳಿಗೆ ಮೇಲೆ ಈಗಷ್ಟೇ ಗಾಳಿ ಬೀಸಲು ಶುರುವಾಗಿದೆ. 42ನೆಯದಕ್ಕೆ ಹೊರಟಿದ್ದೇನೆ.