ಆಕಾಶಕ್ಕೆ ಗುಳ್ಳೆ ಎದ್ದಿದ್ದು

"ಅಪ್ಪಾ, ಆಕಾಶಕ್ಕೆ ಗುಳ್ಳೆ ಎದ್ದಿದೆ!" ಅಂತ ಮಗಳು ಮಹಡಿಯಿಂದ ಕೂಗಿದಾಗ ನಾನು ಕೆಳಗೆ ಕಾಫಿ ಕುಡಿಯುತ್ತಿದ್ದೆ. ಜುಲೈ ತಿಂಗಳು. ಹಾಸನದಲ್ಲಿ ನಾಲ್ಕು ದಿನದಿಂದ ಜಡಿಮಳೆ. ಹತ್ತಿ ಹೋಗಿ ನೋಡಿದರೆ ನಿಜ. ಪುಷ್ಪಗಿರಿ ಬೆಟ್ಟದ ಮೇಲಿನ ನೀಲಿ ಆಕಾಶದಲ್ಲಿ ಹಪ್ಪಳ ಉಬ್ಬಿದ ಹಾಗೆ ಏಳೆಂಟು ಗುಳ್ಳೆ. ಬೆರಳಲ್ಲಿ ಒತ್ತಿದೆ. ಒಂದು ಕೂತಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು.

ನನಗೆ ಮಾದರಿ ರೈಲಿನ ಹುಚ್ಚು. ಲೇಔಟ್ ಮಾಡ್ತಿದ್ದೀನಿ ಅಂದರೆ ಜನ "ಸೈಟ್ ಎಷ್ಟು ಬೈ ಎಷ್ಟು?" ಅಂತ ಕೇಳುತ್ತಾರೆ. ಆ ಲೇಔಟ್ ಅಲ್ಲ. 8 ಅಡಿ ಉದ್ದ, 2.5 ಅಡಿ ಅಗಲದ ಪ್ಲೈವುಡ್ ಮೇಜು, ಎಡ ಮೂಲೆಯಲ್ಲಿ ತಿರುಗಿ ಇನ್ನೊಂದು 4 ಅಡಿ. ಅದರ ಮೇಲೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಒಂದು ತುಣುಕು. ನಿಜವಾದ ಘಾಟಿ ಸುಮಾರು 55 ಕಿ.ಮೀ., 57 ಸುರಂಗ, 50 ಅಡಿಗೆ 1 ಅಡಿ ಏರು. ನನ್ನಲ್ಲಿ ಎರಡು ಸುರಂಗ, ಒಂದು ಸೇತುವೆ, 8 ಅಡಿಗೆ ಹೆಚ್ಚುಕಮ್ಮಿ 2 ಇಂಚು ಏರು. ಏರಿನ ಲೆಕ್ಕ ಸರಿಯಾಗಿದೆ. ಅಳತೆ ಎಚ್‌ಓ, ಅಂದರೆ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿ.ಮೀ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್‌ನ ಲೆಕ್ಕಕ್ಕೆ ಅದು 19 ದಾಟಬೇಕು. ಆದರೆ ಕೊಳ್ಳಲು ಸಿಗುವುದು ಇದೇ. ಇದನ್ನು ಎತ್ತಿ ತೋರಿಸುವವರಿಗೆ ನಮ್ಮನೆಯಲ್ಲಿ ಕಾಫಿ ಇಲ್ಲ.

ರೈಲಿನ ಹಿಂದೆ ನಿಲ್ಲುವ ಬೆಟ್ಟ, ಆಕಾಶದ ಚಿತ್ರಕ್ಕೆ ಬ್ಯಾಕ್‌ಡ್ರಾಪ್ ಅಂತಾರೆ. ನಮ್ಮನೆಯಲ್ಲಿ ಅದರ ಹೆಸರು ಪರದೆ. ಕಂಪನಿ ನಾಟಕದಲ್ಲಿ ಅರಮನೆ ಪರದೆ, ಕಾಡಿನ ಪರದೆ ಅಂತ ಇಳಿಬಿಡುತ್ತಿದ್ದರಲ್ಲ, ಅದೇ. ನಾಟಕದವರು ಪರದೆ ಸುತ್ತಿ ಗಾಡಿಗೆ ಹಾಕಿಕೊಂಡು ಊರೂರು ತಿರುಗಿದರು. ನಾನು ಫೆವಿಕಾಲ್ ಬಳಿದು ಗೋಡೆಗೆ ಕಚ್ಚಿಸಿಬಿಟ್ಟೆ. ತಪ್ಪಾಗಿದ್ದೇ ಅಲ್ಲಿ.

ಮೊದಲ ಪರದೆ ಕಾಗದದ್ದು. ಹಾರ್ಡ್‌ಬೋರ್ಡನ್ನು ನೇರವಾಗಿ ಗೋಡೆಗೆ ಮೊಳೆ ಹೊಡೆದು, ಮೇಲೆ ಪ್ರಿಂಟ್ ಅಂಟಿಸಿದ್ದೆ. ಫೆವಿಕಾಲ್‌ನಲ್ಲಿರುವ ನೀರು ಕುಡಿದು ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಅಂಟಿಸಿದ್ದರಿಂದ ತಬಲಾ ಚರ್ಮದ ಹಾಗೆ ಬಿಗಿಯಾಗಿ ಕೂತಿತ್ತು. ಮಳೆಗಾಲ ಬಂತು. ಪಶ್ಚಿಮದ ಗೋಡೆ ತೇವ ಎಳೆದುಕೊಂಡಿತು, ಹಾರ್ಡ್‌ಬೋರ್ಡ್ ಅದನ್ನು ಕಾಗದಕ್ಕೆ ದಾಟಿಸಿತು. ಬೋರ್ಡಿನ ಹಿಂಬದಿಗೆ ಪ್ರೈಮರ್ ಹೊಡೆದಿರಲಿಲ್ಲ. ಯಾರಿಗೂ ಕಾಣದ ಬದಿ ಅಂತ ಸುಮ್ನೆ ಬಿಟ್ಟಿದ್ದೆ.

ಕಿತ್ತು ಬೇರೆ ಹಾಕೋಣ ಅಂದರೆ ಬೋರ್ಡು ಬರಲಿಲ್ಲ. ಮುಂದಿನ ಪ್ಲಾಸ್ಟರ್ ಗುಡ್ಡವನ್ನು ಪರದೆಗೆ ತಾಗಿಸಿಯೇ ಕಟ್ಟಿದ್ದೆ, ಸಂದು ಕಾಣಬಾರದು ಅಂತ. ಪರದೆ ತೆಗೆಯಲು ಗುಡ್ಡ ಒಡೆಯಬೇಕಾಯಿತು. ಎರಡು ತಿಂಗಳ ಕೆಲಸ ಒಂದು ಭಾನುವಾರಕ್ಕೆ ಬಕೆಟ್ ಸೇರಿತು.

ಒಡೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ಕಿಟಕಿ ಪಕ್ಕದಲ್ಲಿ ಪರದೆಗೆ ಒತ್ತಿ ನಿಲ್ಲಿಸಿದ್ದ ಒಂದು ಮರ ಕಿತ್ತೆ. ಅದರ ಹಿಂದೆ ಅಚ್ಚುಕಟ್ಟಾಗಿ ಇನ್ನೊಂದು ಮರ! ಮರದ ನೆರಳಲ್ಲಿದ್ದ ಜಾಗ ಮೊದಲಿನ ಹಾಗೆ ಕಡು ಹಸಿರು, ಸುತ್ತಲಿನ ಕಾಡೆಲ್ಲ ಬಿಳಿಚಿಕೊಂಡಿತ್ತು. ದಿನಾ ನೋಡುವ ಕಣ್ಣಿಗೆ ಅದು ತಿಳಿದೇ ಇರಲಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಇರುವ ಡೈ ಇಂಕು ಬಿಸಿಲಿಗೆ ಬೇಗ ಬಣ್ಣ ಬಿಡುತ್ತದೆ. ಪಿಗ್ಮೆಂಟ್ ಇಂಕು ಜಾಸ್ತಿ ದಿನ ಬಾಳುತ್ತದೆ. ಅವತ್ತೇ ಆ ಕಿಟಕಿಗೆ ದಪ್ಪ ಕರ್ಟನ್ ಹಾಕಿಸಿದೆ.

ಎರಡನೆಯದು ಫ್ಲೆಕ್ಸ್. ಅದರ ಬಗ್ಗೆ ಜಾಸ್ತಿ ಹೇಳಲ್ಲ. ನೀರಿಗೆ ಹೆದರಲ್ಲ ನಿಜ, ಆದರೆ ಲೈಟ್ ಹಾಕಿದರೆ ಆಕಾಶ ಪಳಪಳ ಹೊಳೆಯುತ್ತದೆ. ಅಂಗಡಿಯಲ್ಲಿ ಸುತ್ತಿಕೊಟ್ಟ ಗುರುತೂ ಹೋಗಲಿಲ್ಲ. ಬೆಟ್ಟದ ಮೇಲೆ ಚುನಾವಣೆ ಬ್ಯಾನರ್ ಕಟ್ಟಿದ ಹಾಗಿತ್ತು.

ಈಗಿರುವುದು ಮೂರನೆಯದು. ಚಿತ್ರಕ್ಕಾಗಿ ನವೆಂಬರಿನಲ್ಲಿ ಬಿಸಲೆ ಘಾಟಿಯ ವ್ಯೂ ಪಾಯಿಂಟಿಗೆ ಹೋದೆ. ಮಳೆ ತೊಳೆದ ಗಾಳಿ, 1712 ಮೀಟರಿನ ಪುಷ್ಪಗಿರಿ ಎದುರಿಗೇ ನಿಲ್ಲುತ್ತದೆ. ಹಳಿ ಮೇಲೆ ನಡೆದುಹೋಗಿ ಫೋಟೋ ತೆಗೆಯುವ ಆಸೆ ಬೇಡ. ಅಲ್ಲಿ ಹಳಿ ಮೇಲೆ ಚಾರಣ ಮಾಡುವಂತಿಲ್ಲ. ಕ್ಯಾಮೆರಾ ಉದ್ದುದ್ದ ಹಿಡಿದು, ಬೆಳಕಿನ ಅಳತೆ ಮ್ಯಾನುಯಲ್‌ನಲ್ಲಿ ಒಂದೇ ಕಡೆ ನಿಲ್ಲಿಸಿ, ಪ್ರತಿ ಫೋಟೋ ಹಿಂದಿನದರ ಮೂರನೇ ಒಂದು ಭಾಗ ಒಳಗೊಳ್ಳುವ ಹಾಗೆ ಹತ್ತು ತೆಗೆದು, ಒಂದೇ ಚಿತ್ರವಾಗಿ ಜೋಡಿಸಿದೆ. ಆಟೋದಲ್ಲಿ ತೆಗೆದರೆ ಒಂದರ ಆಕಾಶ ಕಪ್ಪು, ಒಂದರದು ಬಿಳಿ ಆಗಿ ಹೊಲಿಗೆ ಎದ್ದು ಕಾಣುತ್ತದೆ. 8 ಅಡಿಗೆ 2 ಅಡಿ ಪರದೆಗೆ, ಇಂಚಿಗೆ 100 ಚುಕ್ಕಿಯಂತೆ, 9600ಕ್ಕೆ 2400 ಪಿಕ್ಸೆಲ್ ಸಾಕು. ಮೂರಡಿ ದೂರದಿಂದ ನೋಡುವವರಿಗೆ ಅದಕ್ಕಿಂತ ಬೇಕಿಲ್ಲ.

ಚಿತ್ರದ ಕೆಳಗಿನ ಭಾಗ ಕತ್ತರಿಸಿ ಎಸೆದೆ. ಎತ್ತರದಿಂದ ತೆಗೆದ ಫೋಟೋದಲ್ಲಿ ಹತ್ತಿರದ ಕಣಿವೆ ಕಾಲಡಿ ಕಾಣುತ್ತದೆ. ಅದನ್ನು ಹಾಗೇ ಹಾಕಿದರೆ ರೈಲು ಗಾಳಿಯಲ್ಲಿ ತೇಲಿದಂತೆ ಇರುತ್ತದೆ. ದೂರದ ಬೆಟ್ಟಸಾಲು ಮಾತ್ರ ಇಟ್ಟುಕೊಂಡೆ.

ಪ್ರಿಂಟ್ ಹಾಕುವ ಹುಡುಗನ ಜೊತೆ ದೊಡ್ಡ ಚರ್ಚೆಯೇ ಆಯಿತು. "ಕಲರ್ ಬೂಸ್ಟ್ ಮಾಡಿದೀನಿ ಸಾರ್, ಸೂಪರಾಗಿ ಬಂದಿದೆ" ಅಂದ. ಹಸಿರು ಕಣ್ಣಿಗೆ ಹೊಡೆಯುತ್ತಿತ್ತು. ಬೂಸ್ಟ್ ತೆಗಿ, ಇನ್ನೂ ಮಂಕು ಮಾಡು ಅಂದೆ. "ಎಲ್ರೂ ಬ್ರೈಟ್ ಮಾಡಿ ಅಂತಾರೆ, ನೀವೊಬ್ರೇ ಸಾರ್ ಡಲ್ ಮಾಡಿ ಅನ್ನೋದು." ದೂರದ ಬೆಟ್ಟ ನಿಜಕ್ಕೂ ಹಸಿರಾಗಿ ಕಾಣಲ್ಲ, ಮಂಜಿನ ನೀಲಿಯಾಗಿ ಕಾಣುತ್ತದೆ. ಪರದೆಯ ಬಣ್ಣ ಮುಂದಿನ ಗಿಡಮರಕ್ಕಿಂತ ಜೋರಾದರೆ ರೈಲನ್ನು ಯಾರೂ ನೋಡಲ್ಲ. ಒಂದಡಿಯ ತುಂಡು ಮೊದಲು ಪ್ರಿಂಟ್ ಹಾಕಿಸಿ, ಮನೆಗೆ ತಂದು, ಅದೇ ಎಲ್‌ಇಡಿ ಬೆಳಕಲ್ಲಿ ಹಿಡಿದು ನೋಡಿದೆ. ಮೂರನೇ ತುಂಡು ಒಪ್ಪಿಗೆಯಾಯಿತು. ಪ್ರಿಂಟ್ ವಿನೈಲ್ ಮೇಲೆ, ಅಂದರೆ ಹಿಂಬದಿಗೆ ಅಂಟಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ. ಅದರ ಮೇಲೊಂದು ಮ್ಯಾಟ್ ಲ್ಯಾಮಿನೇಷನ್.

ಕೆಳಗೆ 3 ಮಿ.ಮೀ. ಸನ್‌ಬೋರ್ಡ್, ಅಂದರೆ ಪಿವಿಸಿ ಫೋಮ್ ಹಲಗೆ. ತೇವ ಕುಡಿಯಲ್ಲ, ಗೆದ್ದಲು ಹತ್ತಲ್ಲ. ಮೂಲೆಯಲ್ಲಿ ಬೋರ್ಡನ್ನು ಚೌಕವಾಗಿ ಕೂರಿಸಿದರೆ ಆಕಾಶದಲ್ಲಿ ಗೋಡೆ ಮೂಲೆಯ ಗೆರೆ ಬರುತ್ತದೆ, ಅದಕ್ಕೆ ಬಗ್ಗಿಸಬೇಕು. 20 ಲೀಟರಿನ ಖಾಲಿ ಪೇಂಟ್ ಡಬ್ಬ ಇಟ್ಟುಕೊಂಡು, ಹೆಂಡತಿಯ ಹೇರ್ ಡ್ರೈಯರ್‌ನಿಂದ ನಿಧಾನಕ್ಕೆ ಬಿಸಿ ಮಾಡುತ್ತಾ ಡಬ್ಬದ ಸುತ್ತ ಒತ್ತಿ ಹಿಡಿದೆ. ಒಂದೇ ಕಡೆ ಗಾಳಿ ಬಿಟ್ಟರೆ ಹೊಂಡ ಬೀಳುತ್ತದೆ, ಕೈ ಆಡುತ್ತಿರಬೇಕು. ಆರಿದ ಮೇಲೆ ಬಾಗು ಹಾಗೇ ನಿಂತಿತು. ಹೇರ್ ಡ್ರೈಯರ್ ಆಮೇಲೆ ಸುಟ್ಟ ವಾಸನೆ ಬರುತ್ತಿತ್ತು. ಹೊಸದು ತಂದುಕೊಟ್ಟೆ.

ಬಗ್ಗಿಸಿದ ಮೇಲೇ ವಿನೈಲ್ ಅಂಟಿಸಿದ್ದು. ಬೋರ್ಡಿಗೆ ಎರಡು ಹನಿ ಪಾತ್ರೆ ಸೋಪು ಬೆರೆಸಿದ ನೀರು ಚಿಮುಕಿಸಿ, ಹಿಂದಿನ ಕಾಗದವನ್ನು ಒಂದೊಂದೇ ಗೇಣು ಬಿಡಿಸುತ್ತಾ, ಬಟ್ಟೆ ಸುತ್ತಿದ ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಉಜ್ಜಿದೆ. ನೀರು, ಗಾಳಿ ಎರಡೂ ಆಚೆ ಬರುತ್ತವೆ. ಒಬ್ಬರ ಕೈಲಿ ಆಗದ ಕೆಲಸ ಇದು. ಮಗಳು ಮತ್ತೊಂದು ತುದಿ ಹಿಡಿದಿದ್ದಳು.

ನೇತುಹಾಕುವುದಕ್ಕೆ ಒಂದು ರೀಪರನ್ನು, ಅಂದರೆ ಮರದ ಪಟ್ಟಿಯನ್ನು, ಉದ್ದಕ್ಕೆ ಓರೆಯಾಗಿ ಸೀಳಿಸಿದೆ. ಒಂದು ಸೀಳು ಗೋಡೆಗೆ, ಇನ್ನೊಂದು ಬೋರ್ಡಿನ ಹಿಂದೆ ಮೇಲಂಚಿಗೆ. ಓರೆಯ ಮೇಲೆ ಓರೆ ಕೂರುತ್ತದೆ, ಎತ್ತಿದರೆ ಕೈಗೆ ಬರುತ್ತದೆ. ಎರಡಕ್ಕೂ ಎಲ್ಲ ಬದಿಗೂ, ಈ ಸಲ ಕಾಣದ ಬದಿಗೂ, ಪ್ರೈಮರ್. ಗೋಡೆಗೂ ಬೋರ್ಡಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇದೆ, ಗಾಳಿಯಾಡುತ್ತದೆ. ಬೋರ್ಡಿನ ಸ್ಕ್ರೂ ತೂತುಗಳಲ್ಲಿ ನಡುವಿನದು ಮಾತ್ರ ಬಿಗಿ, ಉಳಿದವು ಅಡ್ಡಕ್ಕೆ ಉದ್ದನೆಯವು. ಸನ್‌ಬೋರ್ಡ್ ಬಿಸಿಗೆ ಹಿಗ್ಗುತ್ತದೆ. 8 ಅಡಿ ಹಲಗೆ 15 ಡಿಗ್ರಿ ಏರಿದರೆ 2 ಮಿ.ಮೀ. ಆಸುಪಾಸು ಬೆಳೆಯುತ್ತದೆ. ಎಲ್ಲ ಸ್ಕ್ರೂ ಬಿಗಿದರೆ ಏಪ್ರಿಲ್‌ನಲ್ಲಿ ಹೊಟ್ಟೆ ಮುಂದೆ ಬರುತ್ತದೆ. ಸ್ಕ್ರೂ ತಲೆಗಳು ಲೈಟಿನ ಪಟ್ಟಿಯ ಹಿಂದೆ ಮರೆಯಾಗುತ್ತವೆ.

ಕೂರಿಸುವಾಗ ಒಂದು ಎಡವಟ್ಟು. ಹಳಿಗೆ ಸಮವಾಗಿ ಕಣ್ಣಳತೆಯಲ್ಲಿ ಕೂರಿಸಿದೆ. ಹಿಂದೆ ಸರಿದು ನೋಡಿದರೆ ಪುಷ್ಪಗಿರಿ ಕುಡಿದವನ ಹಾಗೆ ವಾಲಿದೆ. ಹಳಿಯೇ ಏರು ಅಲ್ವಾ! ರಸಮಟ್ಟ ಇಟ್ಟು ಮತ್ತೆ ಕೂರಿಸಿದೆ.

ಗುಡ್ಡಕ್ಕೂ ಪರದೆಗೂ ಈಗ ಅರ್ಧ ಇಂಚು ಸಂದು. ಮುಂದೆ ಪೊದೆ ಇಟ್ಟಿದ್ದೇನೆ, ಕಾಣಲ್ಲ. ಒಂದ್ಸಲ ಒಂದು ಗೂಡ್ಸ್ ವ್ಯಾಗನ್ ಸಂದಿಗೆ ಬಿದ್ದು ನೆಲ ಸೇರಿತು. ಆಮೇಲೆ ಒಳಗೆ ಸ್ಪಂಜಿನ ಪಟ್ಟಿ ತುರುಕಿದೆ. ಎರಡು ಹಲಗೆ ಸೇರುವ ಕಡೆ 9 ಇಂಚಿನ ಸಿಲ್ವರ್ ಓಕ್ ನಿಲ್ಲಿಸಿದ್ದೇನೆ. ಕಾಫಿ ತೋಟದ ಅಂಚಿಗೆ ಒಪ್ಪುತ್ತದೆ. ಮರದ ಮೇಲಿನ ಆಕಾಶದಲ್ಲಿ ಗೆರೆ ಕಾಣುತ್ತದೆ. ಕಾಣಲಿ.

ಲೈಟು ಮುಂದಿನ ಅಂಚಿನ ಮೇಲೆ ಇರಬೇಕು, ನಡುವೆ ಅಲ್ಲ. ನಡುವೆ ಇದ್ದಾಗ ಸಿಗ್ನಲ್ ಕಂಬದ ನೆರಳು ಮೋಡದ ಮೇಲೆ ಬಿದ್ದಿತ್ತು. ಗುಡ್ಡಕ್ಕೆ ಪ್ಲಾಸ್ಟರ್ ಹಾಕುವಾಗ, ಹುಲ್ಲಿಗೆ ಫೆವಿಕಾಲ್ ನೀರು ಸ್ಪ್ರೇ ಮಾಡುವಾಗ ಮೊದಲೆಲ್ಲ ಲಾಂಡ್ರಿ ಕವರುಗಳನ್ನು ಬಟ್ಟೆ ಕ್ಲಿಪ್ ಹಾಕಿ ಪರದೆಗೆ ಹೊದಿಸುತ್ತಿದ್ದೆ. ಆದರೂ ಎಲ್ಲೋ ಒಂದು ಹನಿ ಹಾರುತ್ತಿತ್ತು. ಈಗ ಪರದೆಯನ್ನೇ ಎತ್ತಿ ಮಂಚದ ಮೇಲೆ ಮಲಗಿಸುತ್ತೇನೆ.

ಇನ್ನು ಹಲ್ಲಿ. ಅದಕ್ಕೆ ಗೋಡೆಗೂ ಪರದೆಗೂ ನಡುವಿನ ಜಾಗ ಬಹಳ ಹಿಡಿಸಿದೆ. ಸಂಜೆ ಲೈಟ್ ಹಾಕಿದರೆ ಮೊಸಳೆ ಗಾತ್ರದಲ್ಲಿ ಪುಷ್ಪಗಿರಿ ದಾಟುತ್ತದೆ. ಹಿಕ್ಕೆ ಹಸಿ ಇರುವಾಗ ಒರೆಸಬೇಡಿ, ಹರಡಿ ಕಲೆಯಾಗುತ್ತದೆ. ಒಣಗಿದ ಮೇಲೆ ಉಗುರಲ್ಲಿ ಚಿಮ್ಮಿಸಿ, ಒದ್ದೆ ಹತ್ತಿಯಲ್ಲಿ ಒತ್ತಿದರೆ ಹೋಗುತ್ತದೆ. ಕಾಗದದ ಪರದೆಯಲ್ಲಿ ಹೋಗುತ್ತಿರಲಿಲ್ಲ, ಅಲ್ಲಲ್ಲಿ ಹದ್ದು ಬಿಡಿಸಿ ಮುಚ್ಚಿದ್ದೆ. ಹುಳ ಬಾರದಿರಲಿ ಅಂತ ಡಾಂಬರ್ ಗುಳಿಗೆ ಇಡಲು ಹೋಗಬೇಡಿ. ಅದರ ಆವಿ ಗುಡ್ಡದೊಳಗಿನ ಥರ್ಮಾಕೋಲನ್ನು ತಿನ್ನುತ್ತದೆ.

ಎತ್ತಿ ಇಳಿಸುವುದು ಇಷ್ಟು ಸುಲಭವಾದ ಮೇಲೆ ಹೋದ ವರ್ಷ ಇದಕ್ಕೆ ಜೋಡಿಯಾಗಿ ಇನ್ನೊಂದು ಪರದೆಯೂ ಆಯಿತು. ಮಳೆಗಾಲದ್ದು, ಬೂದು ಮೋಡ, ಅರ್ಧ ಬೆಟ್ಟ ಮಂಜಿನಲ್ಲಿ. ಜೂನ್ ಮೊದಲ ಮಳೆಗೆ ಬದಲಾಯಿಸುವುದು ಮಗಳ ಕೆಲಸ. ಈ ಸಲ ಅವಳು ಎತ್ತಿದಾಗ ರೀಪರ್ ಹಿಂದೆ ಎರಡು ಹಲ್ಲಿ ಮೊಟ್ಟೆ ಇದ್ದವು. ಒಡೆಯುವವರೆಗೆ ಬಿಸಿಲಿನ ಪರದೆಯೇ ಇರಲಿ ಅಂತ ಹಾಗೇ ವಾಪಸ್ ಕೂರಿಸಿದ್ದಾಳೆ. ಹೊರಗೆ ಜಡಿಮಳೆ, ನಮ್ಮ ಘಾಟಿಯಲ್ಲಿ ಮಾತ್ರ ಇನ್ನೂ ನವೆಂಬರ್.