ಸರ್ವರ್ ಕೆಡುವ ಮೊದಲೇ ಮೇಲ್ ಬರುವಂತೆ ಇವೆಂಟ್ ಲಾಗ್ ಅಲರ್ಟ್ ಹೊಂದಿಸುವುದು
ಪೀಣ್ಯದ ವರ್ಕ್‌ಶಾಪ್‌ ಇರಲಿ, ಚಿಕ್ಕಪೇಟೆಯ ಸಗಟು ಅಂಗಡಿಯಿರಲಿ, ಬಿಲ್ಲಿಂಗ್‌ಗೆಂದು ಒಂದು ವಿಂಡೋಸ್ ಸರ್ವರ್ ಮೂಲೆಯಲ್ಲಿ ಓಡುತ್ತಿರುತ್ತದೆ. ಅದನ್ನು ದಿನವೂ ನೋಡಲೆಂದೇ ಆಳಿರುವುದಿಲ್ಲ. ಹಾರ್ಡ್ ಡಿಸ್ಕ್ ಕೈಕೊಡುವ ಮೊದಲು ಎಷ್ಟೋ ಸಲ ಇವೆಂಟ್ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಾಖಲೆಯಲ್ಲಿ, ಸುಳಿವು ಬಿದ್ದಿರುತ್ತದೆ. ಆ ಸುಳಿವು ಮೇಲ್‌ಗೆ ಬರುವಂತೆ ಮಾಡಲು ಹೊಸ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ.

ಕಂಡ ಎರರ್‌ಗೆಲ್ಲ ಅಲರ್ಟ್ ಇಡಬೇಡಿ. ವಾರ ಕಳೆಯುವಷ್ಟರಲ್ಲಿ ಆ ಮೇಲ್ ತೆರೆಯುವುದನ್ನೇ ಬಿಡುತ್ತೀರಿ. ಪ್ರತಿ ಬಗೆಯ ಇವೆಂಟ್‌ಗೂ ಒಂದು ಐಡಿ ನಂಬರ್ ಇರುತ್ತದೆ. ಸಿಸ್ಟಂ ಲಾಗ್‌ನಲ್ಲಿ ಡಿಸ್ಕ್ ಹೆಸರಿನಲ್ಲಿ ಬರುವ 7 ಎಂದರೆ ಬ್ಯಾಡ್ ಬ್ಲಾಕ್ (ಡಿಸ್ಕ್‌ನಲ್ಲಿ ಕೆಟ್ಟುಹೋದ ಜಾಗ), 153 ಎಂದರೆ ಡಿಸ್ಕ್ ಕೆಲಸ ಒಂದೇ ಸಲಕ್ಕೆ ಆಗದೆ ಮತ್ತೆ ಮಾಡಬೇಕಾಯಿತು ಎಂದರ್ಥ. 6008 ಸರ್ವರ್ ತಟ್ಟನೆ ಆಫ್ ಆಗಿದ್ದನ್ನೂ, 7031 ಮತ್ತು 7034 ಯಾವುದೋ ಸರ್ವಿಸ್ ಅರ್ಧಕ್ಕೇ ನಿಂತಿದ್ದನ್ನೂ ಹೇಳುತ್ತವೆ. ಸೆಕ್ಯುರಿಟಿ ಲಾಗ್‌ನಲ್ಲಿ 4740 ಬಂದರೆ ಅಕೌಂಟ್ ಲಾಕ್ ಆಗಿದೆ. 1102 ಬಂದರೆ ಯಾರೋ ಲಾಗನ್ನೇ ಅಳಿಸಿದ್ದಾರೆ. ಒಂದೇ ಸಲ ಬಂದರೂ ಕೈಲಿರುವ ಕೆಲಸ ಬಿಟ್ಟು ನೋಡಿ. ತಪ್ಪು ಪಾಸ್‌ವರ್ಡ್ ಹಾಕಿದಾಗ ಬರುವ 4625ಕ್ಕೆ ನೇರ ಅಲರ್ಟ್ ಬೇಡ. ಹತ್ತು ನಿಮಿಷಕ್ಕೊಮ್ಮೆ ಎಣಿಸಿ, 20 ದಾಟಿದರೆ ಮಾತ್ರ ಒಂದು ಮೇಲ್ ಕಳಿಸುವ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಸಾಕು.

ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ, ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಶೆಡ್ಯೂಲರ್ ತೆರೆದು 'ಕ್ರಿಯೇಟ್ ಟಾಸ್ಕ್' ಒತ್ತಿ. ಟ್ರಿಗರ್‌ನಲ್ಲಿ 'ಆನ್ ಆ್ಯನ್ ಇವೆಂಟ್' ಆರಿಸಿ ಲಾಗ್, ಸೋರ್ಸ್, ಐಡಿ ಕೊಡಿ. ಆಕ್ಷನ್‌ನಲ್ಲಿ ಕಾಣುವ 'ಸೆಂಡ್ ಆ್ಯನ್ ಇ-ಮೇಲ್' ಅನ್ನು ನಂಬಬೇಡಿ, ಸರ್ವರ್ 2012ರಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ. 'ಸ್ಟಾರ್ಟ್ ಎ ಪ್ರೋಗ್ರಾಂ' ಆರಿಸಿ ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಭಾಷೆ) ಸ್ಕ್ರಿಪ್ಟ್ ಓಡಿಸಿ. ಸರ್ವರ್ ಹೆಸರು, ಸಮಯ, ಇವೆಂಟ್‌ನ ಪೂರ್ತಿ ಸಂದೇಶ, ಈ ಮೂರೂ ಮೇಲ್‌ನಲ್ಲಿರಲಿ.

ಜಿಮೇಲ್ ಮೂಲಕ ಕಳಿಸುವುದಾದರೆ ಪೋರ್ಟ್ 587, ಟಿಎಲ್‌ಎಸ್ (ದಾರಿಯಲ್ಲಿ ಬೇರೆಯವರು ಓದದಂತೆ ಮಾಡುವ ಎನ್‌ಕ್ರಿಪ್ಶನ್) ಆನ್. ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಅದನ್ನು ಸ್ಕ್ರಿಪ್ಟ್‌ನೊಳಗೇ ಬರೆಯದೆ 'ಎಕ್ಸ್‌ಪೋರ್ಟ್-ಸಿಎಲ್‌ಐಎಕ್ಸ್‌ಎಂಎಲ್' ಕಮಾಂಡ್‌ನಿಂದ ಫೈಲಿನಲ್ಲಿಡಿ. ಈ ಫೈಲಿನಿಂದ ಪಾಸ್‌ವರ್ಡ್ ತೆಗೆಯಲು ಅದನ್ನು ಮಾಡಿದ ಯೂಸರ್‌ಗೆ ಮಾತ್ರ, ಅದೂ ಅದೇ ಮೆಷಿನ್‌ನಲ್ಲಿ ಮಾತ್ರ ಸಾಧ್ಯ. ಕೈಯಲ್ಲಿ ಓಡಿಸಿದರೆ ಮೇಲ್ ಹೋಗುತ್ತದೆ, ಟಾಸ್ಕ್‌ನಿಂದ ಹೋಗುವುದಿಲ್ಲ ಎಂದಾದರೆ ಮೊದಲು ನೋಡಬೇಕಾದದ್ದು ಇದನ್ನೇ. ಟಾಸ್ಕ್ ಯಾವ ಅಕೌಂಟ್‌ನಲ್ಲಿ ಓಡುತ್ತದೋ ಅದರಲ್ಲೇ ಲಾಗಿನ್ ಆಗಿ ಫೈಲ್ ಮಾಡಿ. ಸೆಕ್ಯುರಿಟಿ ಲಾಗ್ ಓದಲು ಆ ಅಕೌಂಟ್ 'ಇವೆಂಟ್ ಲಾಗ್ ರೀಡರ್ಸ್' ಗುಂಪಿನಲ್ಲಿಯೂ ಇರಬೇಕು.

ನಮ್ಮ ಊರಿಗೆ ಬಹಳ ಮುಖ್ಯವಾದದ್ದು ಇನ್ನೊಂದಿದೆ. 'ಕಂಡಿಷನ್ಸ್' ಟ್ಯಾಬ್‌ನಲ್ಲಿ, ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು ಎಂಬ ಟಿಕ್ ಮೊದಲಿನಿಂದಲೇ ಬಿದ್ದಿರುತ್ತದೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಸಿಕ್ಕಿಸಿದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದೇ ತಿಳಿಯಬಹುದು. ಆಗ ಕರೆಂಟ್ ಹೋದ ಹೊತ್ತಿನಲ್ಲೇ ಅಲರ್ಟ್ ಹೊರಡದು. ಆ ಟಿಕ್ ತೆಗೆಯಿರಿ. ಮೋಡೆಮ್, ಸ್ವಿಚ್ ಎರಡಕ್ಕೂ ಯುಪಿಎಸ್ ಲೈನ್ ಕೊಡಿ. 6008 ದಾಖಲಾಗುವುದು ಸರ್ವರ್ ಮತ್ತೆ ಆನ್ ಆದಾಗ. ಆಗಿನ್ನೂ ಇಂಟರ್ನೆಟ್ ಬಂದಿರದ ಕಾರಣ ಟ್ರಿಗರ್‌ಗೆ ಎರಡು ನಿಮಿಷ ಡಿಲೇ ಇಡಿ.

ಸಿಸ್ಟಂ ಲಾಗ್‌ನ ಮಾಮೂಲಿ ಮಿತಿ 20 ಎಂಬಿ. ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು. ಮಿತಿ ಹೆಚ್ಚಿಸಿ, ವಾರಕ್ಕೊಮ್ಮೆ ಬೇರೆ ಡಿಸ್ಕ್‌ಗೆ ನಕಲು ತೆಗೆಯಿರಿ.

ಎಲ್ಲ ಆದ ಮೇಲೆ ಆ್ಯಪ್ಲಿಕೇಶನ್ ಲಾಗ್‌ನ 999ಕ್ಕೆ ಒಂದು ಪರೀಕ್ಷಾ ಟಾಸ್ಕ್ ಮಾಡಿ, 'ಇವೆಂಟ್‌ಕ್ರಿಯೇಟ್' ಕಮಾಂಡ್‌ನಿಂದ ಆ ಐಡಿಯ ಇವೆಂಟ್ ಬರೆಸಿ. ಒಮ್ಮೆ ಕರೆಂಟ್ ಇದ್ದಾಗ, ಇನ್ನೊಮ್ಮೆ ಯುಪಿಎಸ್‌ಗೆ ಬರುವ ಮೇನ್ಸ್ ಆಫ್ ಮಾಡಿ. ಎರಡು ಸಲವೂ ಮೇಲ್ ಬರಬೇಕು. ಜೊತೆಗೆ ದಿನಾ ಬೆಳಿಗ್ಗೆ 9ಕ್ಕೆ 'ಸರ್ವರ್ ಓಡುತ್ತಿದೆ' ಎಂಬ ಒಂದು ಸಾಲಿನ ಮೇಲ್ ಹೋಗುವಂತೆ ಇಡಿ. ಆ ಮೇಲ್ ಬರದ ದಿನ ಹೋಗಿ ಸರ್ವರ್ ನೋಡಿ.