ವೆನಿಸ್‌ನಲ್ಲಿ ಒಂದು ದಿನ: ಕ್ರಮಬದ್ಧವಾಗಿ ದಾರಿ ತಪ್ಪುವ ವಿಧಾನ

ರೈಲಿನಲ್ಲಿ ಬರುವವರು ಸಾಂತಾ ಲುಚಿಯಾ ನಿಲ್ದಾಣದಲ್ಲೇ ಇಳಿಯಬೇಕು. ಅದಕ್ಕೂ ಮುಂಚೆ, ನೀರಿನ ಈಚೆ ದಡದಲ್ಲೇ ಸಿಗುವ ಮೆಸ್ತ್ರೆ ನಿಲ್ದಾಣದ ಹಲಗೆಯಲ್ಲೂ ‘ವೆನೇಜಿಯಾ’ ಎಂದಿರುತ್ತದೆ. ಅಲ್ಲಿ ದುಡುಕಿ ಇಳಿದವರು ಕಾಲುವೆ ಎಲ್ಲಿ ಎಂದು ಹುಡುಕುತ್ತಾ ಬಸ್ಸುಗಳನ್ನು ನೋಡಿಕೊಂಡು ನಿಲ್ಲುತ್ತಾರೆ.

ಸೂಟ್‌ಕೇಸ್ ಇದ್ದರೆ ನಿಲ್ದಾಣದಲ್ಲೇ ಲಗೇಜ್ ಇಡುವ ಕೌಂಟರಿಗೆ ಒಪ್ಪಿಸಿ. ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಮೊದಲ ಸೇತುವೆಯಲ್ಲಿ ಪೆಟ್ಟಿಗೆ ಟಕಟಕ ಎಂದು ಹಿಂದೆ ಬರುತ್ತದೆ, ಮೂರನೆಯದರ ಹೊತ್ತಿಗೆ ಕೂಸಿನಂತೆ ಕಂಕುಳಿಗೇರಿರುತ್ತದೆ. ಊರಲ್ಲಿ ರಾತ್ರಿ ತಂಗದೆ ಹೋಗುವವರಿಗೆ ವಸಂತ ಮತ್ತು ಬೇಸಿಗೆಯ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವೂ ಉಂಟು. 2024ರಲ್ಲಿ 5 ಯೂರೊ ಇತ್ತು, 2025ರಲ್ಲಿ ಕೊನೆ ಗಳಿಗೆಯಲ್ಲಿ ಕಟ್ಟುವವರಿಗೆ 10 ಆಯಿತು. ಹೊರಡುವ ಮುಂಚೆಯೇ ದಿನಾಂಕ ನೋಡಿ ಆನ್‌ಲೈನ್‌ನಲ್ಲಿ ಕಟ್ಟಿ, ಕ್ಯೂಆರ್ ಕೋಡ್ ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ನು ದೋಣಿ. ಇಲ್ಲಿನ ಸಿಟಿ ಬಸ್ಸಿನ ಹೆಸರು ವಾಪೊರೆತ್ತೊ. 75 ನಿಮಿಷದ ಟಿಕೆಟ್ 9.50 ಯೂರೊ, 24 ಗಂಟೆಯ ಪಾಸ್ 25 ಯೂರೊ. ಮೂರು ಸಲ ಹತ್ತುವ ಅಂದಾಜಿದ್ದರೆ ಪಾಸೇ ಲಾಭ. ಟಿಕೆಟ್ ಕೊಂಡರೆ ಸಾಲದು, ಕಟ್ಟೆಗೆ ಹೋಗುವ ದಾರಿಯಲ್ಲಿರುವ ಯಂತ್ರಕ್ಕೆ ಮುಟ್ಟಿಸಬೇಕು. ಪಾಸ್ ಇದ್ದರೂ ಪ್ರತಿ ಸಲ ಮುಟ್ಟಿಸಿ. ಮುಟ್ಟಿಸದ ಟಿಕೆಟ್ ಇದ್ದೂ ಇಲ್ಲದಂತೆ, ತಪಾಸಣೆಯವರು ದಂಡ ಹಾಕುತ್ತಾರೆ. 1ನೇ ಮಾರ್ಗದ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ಈ ದಡ ಆ ದಡ ಎಂದು ಎಲ್ಲ ಕಡೆ ನಿಲ್ಲುತ್ತಾ ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಆ ನಿಧಾನವೇ ಅದರ ಗುಣ, ಅರಮನೆಗಳ ಮೆರವಣಿಗೆ ಪೂರ್ತಿ ನೋಡಲು ಸಿಗುತ್ತದೆ. ಹತ್ತಿದ ಕೂಡಲೇ ಬೆನ್ನಿನ ಚೀಲ ಇಳಿಸಿ. ಇಲ್ಲದಿದ್ದರೆ ನೀವು ತಿರುಗಿದಾಗಲೆಲ್ಲ ಹಿಂದಿನವರ ಕನ್ನಡಕವೂ ಜೊತೆಗೆ ತಿರುಗುತ್ತದೆ.

ನಡೆಯಲು ಇಳಿದ ಮೇಲೆ ನಿಜವಾದ ಆಟ ಶುರು. ಮನೆ ನಂಬರು ರಸ್ತೆಯ ಪ್ರಕಾರ ಇರುವುದಿಲ್ಲ. ಊರನ್ನು ಆರು ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದರಿಂದ ಎಣಿಸಿಕೊಂಡು ಹೋಗಿದ್ದಾರೆ. ಕಾಸ್ತೆಲ್ಲೊ ಭಾಗದಲ್ಲಿ ನಂಬರು 6000 ದಾಟುತ್ತದೆ. ಹಾಗಾಗಿ ಭಾಗದ ಹೆಸರು, ನಂಬರು ಎರಡೇ ಇರುವ ವಿಳಾಸದಿಂದ ಏನೂ ಪ್ರಯೋಜನವಿಲ್ಲ. ಹತ್ತಿರದ ಚರ್ಚು, ಸೇತುವೆ ಅಥವಾ ಬಯಲಿನ ಹೆಸರು ಬರೆದುಕೊಳ್ಳಿ. ಓಣಿಯ ಹೆಸರನ್ನೊಂದೇ ನಂಬಬೇಡಿ, ಒಂದೇ ಹೆಸರಿನ ಓಣಿಗಳು ಬೇರೆ ಬೇರೆ ಭಾಗಗಳಲ್ಲಿವೆ. ಫೋನಿನ ನಕ್ಷೆಯೂ ಎತ್ತರದ ಗೋಡೆಗಳ ನಡುವಿನ ಸಂದಿಯಲ್ಲಿ ತಡವರಿಸುತ್ತದೆ. ಆಕಾಶ ಎರಡು ಅಡಿ ಅಗಲ ಕಂಡರೆ ಉಪಗ್ರಹದ ಸಂಕೇತ ಬರುವುದಾದರೂ ಎಲ್ಲಿಂದ? ನೀಲಿ ಚುಕ್ಕೆ ನಿಮ್ಮನ್ನು ಕಾಲುವೆಯ ಮಧ್ಯೆ ತೋರಿಸಿದರೆ ಹೆದರಬೇಡಿ, ಆದರೆ ಅದನ್ನು ನಿಜ ಮಾಡಲೂ ಹೋಗಬೇಡಿ.

ಗೋಡೆಯ ಮೇಲೆ ಸುಣ್ಣದ ಚೌಕದಲ್ಲಿ ಕಪ್ಪಕ್ಷರದಲ್ಲಿ ಬರೆದಿರುವ ಹೆಸರುಗಳನ್ನು ಓದಲು ಕಲಿತರೆ ಅರ್ಧ ಕಷ್ಟ ಕಳೆದಂತೆ. ‘ಕಾಲ್ಲೆ’ ಎಂದರೆ ಓಣಿ. ‘ಕಾಂಪೊ’ ಎಂದರೆ ಬಯಲು. ‘ಫೊಂದಮೆಂತಾ’ ಕಾಲುವೆ ದಂಡೆಯ ದಾರಿ. ‘ರಿಯೊ ತೆರಾ’ ಮುಚ್ಚಿದ ಕಾಲುವೆ, ಆದ್ದರಿಂದ ಅಗಲವಾಗಿರುತ್ತದೆ. ‘ಸೊತೊಪೊರ್ತೆಗೊ’ ಮನೆಯ ಅಡಿಯಲ್ಲಿ ನುಸುಳುವ ದಾರಿ, ಯಾರದೋ ಹಿತ್ತಲಿಗೆ ನುಗ್ಗುತ್ತಿದ್ದೇನೆ ಎಂದು ಅಳುಕಬೇಕಿಲ್ಲ. ‘ರಾಮೊ’ ಅಥವಾ ‘ಕೊರ್ತೆ’ ಎಂದಿದ್ದರೆ ಮಾತ್ರ ಎಚ್ಚರ, ಬಹಳ ಸಲ ಅವು ಮುಂದೆ ಹೋಗುವುದೇ ಇಲ್ಲ. ಹಿಂದೆ ಬರುತ್ತಿರುವವರು ನಿಮ್ಮನ್ನೇ ನಂಬಿಕೊಂಡಿರುತ್ತಾರೆ, ಅವರನ್ನೂ ತಿರುಗಿಸಿಕೊಂಡು ಬನ್ನಿ. ಸಂತೆಯಿರುವ ರಿಯಾಲ್ತೊ, ಸಾನ್ ಮಾರ್ಕೊ, ರೈಲು ನಿಲ್ದಾಣಕ್ಕೆ ಹಳದಿ ಬಾಣದ ಫಲಕಗಳಿವೆ. ಒಂದೇ ಮೂಲೆಯಲ್ಲಿ ಎಡಕ್ಕೂ ಬಲಕ್ಕೂ ಸಾನ್ ಮಾರ್ಕೊ ಎಂದು ಬಾಣವಿದ್ದರೆ ಅದು ತಮಾಷೆಯಲ್ಲ, ಎರಡೂ ದಾರಿ ಅಲ್ಲಿಗೇ ಹೋಗುತ್ತವೆ. ಜನ ಕಡಿಮೆ ಇರುವುದನ್ನು ಹಿಡಿಯಿರಿ.

ಸಾನ್ ಮಾರ್ಕೊ ಚೌಕದಲ್ಲಿ ಬಸಿಲಿಕಾಗೆ, ಅಂದರೆ ದೊಡ್ಡ ಚರ್ಚಿಗೆ, ಹೋಗುವುದಾದರೆ ಭುಜ, ಮೊಣಕಾಲು ಮುಚ್ಚಿರಬೇಕು. ಚೀಲದಲ್ಲೊಂದು ಶಾಲು ಇದ್ದರೆ ಸಾಕು. ಎದುರಿನ ಗಂಟೆ ಗೋಪುರ 98.6 ಮೀಟರ್ ಎತ್ತರ, ಲಿಫ್ಟ್ ಇದೆ. ಹಳೆಯದು 1902ರ ಜುಲೈ 14ರಂದು ಕುಸಿದು ಗುಡ್ಡೆಯಾಯಿತು, ಅದೇ ಜಾಗದಲ್ಲಿ ಅದೇ ರೂಪದಲ್ಲಿ ಕಟ್ಟಿ 1912ರಲ್ಲಿ ತೆರೆದರು. ಮಧ್ಯಾಹ್ನ 12ಕ್ಕೆ ಮೇಲಿದ್ದರೆ ಗಂಟೆಗಳು ನಿಮ್ಮ ಪಕ್ಕದಲ್ಲೇ ಮೊಳಗುತ್ತವೆ, ಕಿವಿ ಮುಚ್ಚಲು ಎರಡೂ ಕೈ ಬಿಡುವಾಗಿರಲಿ. ಗಡಿಯಾರ ಗೋಪುರದ ಮುಖದಲ್ಲಿರುವುದು 24 ಗಂಟೆಯ ವೃತ್ತ, ಕೈಗಡಿಯಾರದಂತೆ ಓದಿದರೆ ಊಟದ ಹೊತ್ತು ಏರುಪೇರಾಗುತ್ತದೆ. ಪಾರಿವಾಳಗಳಿಗೆ ಕಾಳು ಹಾಕುವುದು 2008ರಿಂದ ನಿಷೇಧ. ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದರೂ ದಂಡ. ದಂಡದವರು ಬರುವ ಮೊದಲು ಕಡಲಹಕ್ಕಿ ಬಂದು ಸ್ಯಾಂಡ್‌ವಿಚ್ ಮುಟ್ಟುಗೋಲು ಹಾಕಿಕೊಂಡಿರುತ್ತದೆ.

ನಿಟ್ಟುಸಿರಿನ ಸೇತುವೆಯ ಮುಂದೆ ಜೋಡಿಗಳು ಮೈಮರೆತು ನಿಲ್ಲುತ್ತವೆ. ಅದು ದೊರೆಯ ಅರಮನೆಯ ನ್ಯಾಯಾಲಯದಿಂದ ಜೈಲಿಗೆ ಕರೆದೊಯ್ಯುತ್ತಿದ್ದ ದಾರಿ!

ಕಾಫಿ ನಿಂತು ಕುಡಿಯಿರಿ. ಕುರ್ಚಿಗೆ ಬೇರೆ ದರ, ಚೌಕದ ಕೆಫೆಗಳಲ್ಲಿ ವಾದ್ಯಗೋಷ್ಠಿ ನಡೆಯುತ್ತಿದ್ದರೆ ತಲೆಗಿಷ್ಟು ಎಂದು ಸಂಗೀತದ ದರವೂ ಬಿಲ್ಲಿಗೆ ಸೇರುತ್ತದೆ. ‘ಲಾತ್ತೆ’ ಎಂದು ಕೇಳಿದರೆ ಹಾಲು ಬರುತ್ತದೆ, ಬರೀ ಹಾಲು. ಹೋಟೆಲಿನ ಪಟ್ಟಿಯಲ್ಲಿ ಮೀನಿನ ಬೆಲೆ ಅಗ್ಗವೆನಿಸಿದರೆ ಪಕ್ಕದಲ್ಲಿ ‘ಎತ್ತೊ’ ಎಂಬ ಪದವಿದೆಯೇ ನೋಡಿ. ಅದು 100 ಗ್ರಾಂನ ಬೆಲೆ. ಮೀನು 600 ಗ್ರಾಂ ತೂಗಿದರೆ ಬೆಲೆಯನ್ನು ಆರರಿಂದ ಗುಣಿಸಿ, ಆಮೇಲೆ ಹಸಿವಿದೆಯೇ ಎಂದು ಯೋಚಿಸಿ.

ಗೊಂಡೊಲಾದ ಅಧಿಕೃತ ದರ ಹಗಲಿನಲ್ಲಿ 30 ನಿಮಿಷಕ್ಕೆ 90 ಯೂರೊ, ಸಂಜೆ 7ರ ನಂತರ 35 ನಿಮಿಷಕ್ಕೆ 110. ಇದು ದೋಣಿಗೆ, ತಲೆಗಲ್ಲ. ಐದು ಜನ ಹತ್ತಬಹುದು. ಹಾಡು ಇದರಲ್ಲಿ ಸೇರಿಲ್ಲ. ಹತ್ತುವಾಗ ದೋಣಿಯ ನಡುಮಧ್ಯೆ ಕಾಲಿಡಿ, ಸೆಲ್ಫಿಗೆಂದು ಎದ್ದು ನಿಲ್ಲಬೇಡಿ. ಒಂದೇ ಹುಟ್ಟಿನಿಂದ ನೇರ ಸಾಗಲೆಂದು ಅದನ್ನು ಒಂದು ಕಡೆಗೆ ಸೊಟ್ಟಗೇ ಕಟ್ಟಿರುತ್ತಾರೆ, ವಾಲಿದಂತೆ ಕಂಡರೆ ಮುಳುಗುತ್ತಿದೆ ಎಂದಲ್ಲ. ಅಷ್ಟು ದುಡ್ಡು ಬೇಡವೆನಿಸಿದರೆ ಸಾಂತಾ ಸೊಫಿಯಾ ಬಳಿಯಿಂದ ರಿಯಾಲ್ತೊ ಸಂತೆಯ ದಡಕ್ಕೆ ದಾಟಿಸುವ ತ್ರಗೆತ್ತೊ ಎಂಬ ಕಡವಿನ ದೋಣಿ ಹತ್ತಿ. ಹೊರಗಿನವರಿಗೆ 2 ಯೂರೊ, ಚಿಲ್ಲರೆ ಕೈಯಲ್ಲಿರಲಿ. ಸ್ಥಳೀಯರು ನಿಂತೇ ದಾಟುತ್ತಾರೆ. ನಿಮಗೆ ಸಮತೋಲ ಸಿಗದಿದ್ದರೆ ಅಂಚಿನಲ್ಲಿ ಕುಳಿತುಬಿಡಿ, ಯಾರೂ ನಗುವುದಿಲ್ಲ. ನಕ್ಕರೂ ದೋಣಿ ಅಷ್ಟರಲ್ಲಿ ಆಚೆ ದಡ ಸೇರಿರುತ್ತದೆ.

ಸಂಜೆ ವಾಪಸಾಗುವಾಗ ಕಟ್ಟೆಯ ಹಲಗೆಯಲ್ಲಿ ದಿಕ್ಕು ನೋಡಿಯೇ ಹತ್ತಿ. 1ನೇ ಮಾರ್ಗದ ಒಂದು ತುದಿ ಪಿಯಾತ್ಸಾಲೆ ರೋಮಾ, ಅದು ರೈಲು ನಿಲ್ದಾಣದ ಕಡೆ. ಇನ್ನೊಂದು ತುದಿ ಲಿದೊ ದ್ವೀಪ. ದೋಣಿ ಹೊರಟ ಮೇಲೆ ಎರಡೂ ಬದಿಯ ಅರಮನೆಗಳು ಮಾಯವಾಗಿ ನೀರು ವಿಶಾಲವಾಗುತ್ತಾ ಹೋದರೆ ನೀವು ಲಿದೊಗೆ ಹೊರಟಿದ್ದೀರಿ. ಮುಂದಿನ ನಿಲ್ದಾಣದಲ್ಲಿ ಇಳಿದು ಎದುರು ದಿಕ್ಕಿನದನ್ನು ಹಿಡಿಯಿರಿ. ಬೆಳಿಗ್ಗೆ ಪಾಸ್ ಕೊಂಡಿದ್ದರೆ ಇದಕ್ಕೆ ಬೇರೆ ಖರ್ಚಿಲ್ಲ.